ಕರಿಗಟ್ಟಿಯ ಗಡಿಯಾರದ ಮೋದಿನಸಾಬ

ಯಾವ ಕಾಲದ್ದು ಅಂತ ಕೇಳಬೇಡಿ. ಬಹಳ ಹಿಂದೆ, ಕರಿಗಟ್ಟಿ ಅನ್ನುವ ಊರಿಗೆ ದಿನಕ್ಕೆ ಎರಡೇ ರೈಲು ಬರುತ್ತಿದ್ದಾಗ, ಅಲ್ಲಿ ಗಡಿಯಾರ ರಿಪೇರಿಯ ಮೋದಿನಸಾಬ ಅಂತ ಒಬ್ಬನಿದ್ದ. ಬಾವಿಗೆ ಬಿದ್ದು ವರ್ಷ ಕಳೆದ ಗಡಿಯಾರವನ್ನೂ ಟಿಕ್ ಅನ್ನಿಸುತ್ತಿದ್ದ ಅಂತಾರೆ. ಕಿವಿಗಿಟ್ಟುಕೊಂಡೇ ಯಾವ ಚಕ್ರದ ಎಷ್ಟನೇ ಹಲ್ಲು ಸವೆದಿದೆ ಅಂತ ಹೇಳುತ್ತಿದ್ದ ಅಂತಾರೆ. ಸ್ಟೇಷನ್ನಿನ ದೊಡ್ಡ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವೂ ಅವನದೇ. ಅದು ಅವನಿಗೆ ಅನ್ನಕ್ಕಿಂತ ದೊಡ್ಡ ಮಾನ.

ಊರಾಚೆಯ ರೈಲ್ವೆ ಗೇಟು ಕಾಯುವವನು ಸಂಕಪ್ಪ. ಅವನಪ್ಪನ ಜೇಬುಗಡಿಯಾರ ತುಕ್ಕು ಹಿಡಿದು ಬಿದ್ದಿತ್ತು. ಮೋದಿನಸಾಬ ಅದನ್ನು ಬಿಚ್ಚಿ, ತೊಳೆದು, ಮೂರು ತಿಂಗಳು ಕೂತು ಜೀವ ಬರಿಸಿಕೊಟ್ಟ. ಸಂಕಪ್ಪ ಅದನ್ನೇ ನೋಡಿ ಗೇಟು ಹಾಕತೊಡಗಿದ.

ಕಂಟಕ ಶುರುವಾದದ್ದೇ ಆಗ. ಗಡಿಯಾರ ಮುಂದೆ ಓಡಿತು. ಒಂದು ದಿನ ಸಂಕಪ್ಪ ಗೇಟು ಹಾಕಿ ಕಾದ, ರೈಲಿಲ್ಲ. ಗಡಿಯಾರದ ಪ್ರಕಾರ ಹೊತ್ತು ಮೀರಿ ಅರ್ಧ ತಾಸಾಗಿತ್ತು. ಗಾಡಿಯವರು ಕೂಗಾಡಿದರು. ಇವತ್ತು ರೈಲು ಬರುವುದಿಲ್ಲ ಅಂದುಕೊಂಡು ತೆರೆದ. ಹತ್ತಿ ಬಿಡಿಸಲು ಹೊರಟ ಏಳು ಹೆಂಗಸರ ಚಕ್ಕಡಿ ಹಳಿಯ ಮೇಲಿರುವಾಗಲೇ ರೈಲು ಬಂತು. ಎತ್ತುಗಳು ಜಿಗಿದವು. ಚಕ್ಕಡಿಯ ಹಿಂದಿನ ಹಲಗೆಯೊಂದೇ ಹೋಯಿತು, ಹೆಂಗಸರು ಉಳಿದರು. ರೈಲ್ವೆಯ ದೊಡ್ಡ ಸಾಹೇಬ ಇಪ್ಪತ್ತು ದಿನ ಕೊಟ್ಟ: ಕಾರಣ ತೋರಿಸು, ಇಲ್ಲವೇ ಕೆಲಸ ಬಿಡು.

ಮೋದಿನಸಾಬನಿಗೆ ಊಟ ಸೇರಲಿಲ್ಲ. ಗಡಿಯಾರ ಬಿಚ್ಚಿದ. ಒಳಗೆ ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗು; ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಣ್ಣೆ ಹೆಚ್ಚಾಯಿತೇನೋ ಅಂತ ತೊಳೆದ. ಮತ್ತೆ ಅಂಟಿದವು. ಸ್ಪ್ರಿಂಗನ್ನೇ ಬದಲಿಸಿದ. ಎಂಟು ದಿನ ಅವನ ಗೋಡೆಯ ಮೊಳೆಗೆ ತೂಗಿದ ಗಡಿಯಾರ ಒಂದು ನಿಮಿಷ ತಪ್ಪಲಿಲ್ಲ. ಸಂಕಪ್ಪನ ಮನೆಗೆ ಹೋಗಿ ಎರಡೇ ದಿನಕ್ಕೆ ಮತ್ತೆ ಮುಂದೆ ಓಡಿತು!

ಆಗ ಮೋದಿನಸಾಬ ಅಂಗಡಿಗೆ ಬೀಗ ಹಾಕಿ ಸಂಕಪ್ಪನ ಕಟ್ಟೆಯ ಮೇಲೆ ಹೋಗಿ ಕೂತ. ಗಡಿಯಾರ ಎಲ್ಲಿಗೆ ಹೋದರೆ ಅವನ ಕಣ್ಣೂ ಅಲ್ಲಿಗೆ. ಬೆಳಗಿನ ರೈಲು ದಾಟಿದ ಮೇಲೆ ಸಂಕಪ್ಪ ಅದನ್ನು ಹೆಂಡತಿ ತಿರಕವ್ವನ ಕೈಗೆ ಕೊಟ್ಟ. ರವಿಕೆ ಹೊಲಿಯುತ್ತಿದ್ದ ತಿರಕವ್ವ ಅದನ್ನು ಅರಿವೆಯಲ್ಲಿ ಒರೆಸಿ, ಧೂಳು ತಾಗದಿರಲಿ ಅಂತ ಹೊಲಿಗೆಯ ಡಬ್ಬಿಯೊಳಗಿಟ್ಟಳು.

"ತಂಗಿ, ಆ ಡಬ್ಬಿ ಒಮ್ಮೆ ತಗಿ."

ತೆಗೆದಳು. ಬಿದ್ದ ಸೂಜಿ ಹೆಕ್ಕಲು ಇಟ್ಟುಕೊಂಡ ಲಾಳದಾಕಾರದ ಅಯಸ್ಕಾಂತ. ಅದಕ್ಕೆ ಒತ್ತಿಕೊಂಡು ಗಡಿಯಾರ. ಅದರ ಸೆಳೆತ ಹಿಡಿದೇ ಸುರುಳಿಗಳು ಅಂಟಿ, ಗಡಿಯಾರ ಮುಂದೆ ಓಡುತ್ತಿತ್ತು.

ತಿರಕವ್ವನ ಮುಖ ಬಿಳಿಚಿಕೊಂಡಿತು. "ಅಣ್ಣಾ, ಆ ಏಳು ಮಂದಿನ್ನ ನಾನ ಕೊಲ್ಲಾಕಿದ್ನೇನು?"

"ಜ್ವಾಕಿ ಮಾಡೀಯವ್ವ. ಜ್ವಾಕಿ ಮಾಡೂದು ತಪ್ಪಲ್ಲ," ಅಂದ ಮೋದಿನಸಾಬ.

ಅವನು ದಾರ ಬೇಡಿದ. ಗಡಿಯಾರ ಕಟ್ಟಿ, ದಾರಕ್ಕೆ ಹುರಿ ಹಾಕಿ, ಅದೇ ಅಯಸ್ಕಾಂತದ ಮುಂದೆ ಬಿಟ್ಟ. ಗಡಿಯಾರ ಬುಗುರಿಯಂತೆ ಗಿರ್ರನೆ ತಿರುಗಿತು. ತಿರುಗುತ್ತಿರುವಾಗಲೇ ಒಂದೊಂದೇ ಹೆಜ್ಜೆ ಹಿಂದೆ ಸರಿದ, ಬಾಗಿಲ ತನಕ ಸರಿದ. ಕೂಡಿದ ಜನ ಮಂತ್ರ ಹಾಕುತ್ತಿದ್ದಾನೆ ಅಂದರು. ಮಂತ್ರವಲ್ಲ, ಅವನ ಉಸ್ತಾದ ಕಲಿಸಿದ ವಿದ್ಯೆ. ಹಿಡಿದ ಸೆಳೆತ ಹಾಗೆ ಬಿಡುತ್ತದಂತೆ. ಬಿಚ್ಚಿ ನೋಡಿದರೆ ಸುರುಳಿಗಳು ಬೇರೆಬೇರೆಯಾಗಿ ಉಸಿರಾಡುತ್ತಿದ್ದವು.

ಮರುದಿನ ಅವನೇ ಸಾಹೇಬನ ಮುಂದೆ ನಿಂತ. ಅಯಸ್ಕಾಂತ ತಾಗಿದ್ದನ್ನು ಹೇಳಿದ, ತಿರಕವ್ವನ ಹೆಸರೆತ್ತಲಿಲ್ಲ.

"ತಪ್ಪು ನಂದರೀ. ಗಡಿಯಾರ ಕೊಟ್ಟೆ, ಅದು ಎಲ್ಲಿರತೈತಿ ಅಂತ ಕೇಳಲಿಲ್ಲ."

"ಹಾಗಾದರೆ ಸ್ಟೇಷನ್ ಗಡಿಯಾರ ನಿನ್ನ ಕೈಯಲ್ಲಿ ಹೇಗೆ ಬಿಡಲಿ?" ಅಂದ ಸಾಹೇಬ.

ಮೋದಿನಸಾಬ ಕೀಲಿಯನ್ನು ಮೇಜಿನ ಮೇಲಿಟ್ಟ. ಸಂಕಪ್ಪನ ಕೆಲಸ ಉಳಿಯಿತು.

ಇವತ್ತಿಗೂ ಕರಿಗಟ್ಟಿಯಲ್ಲಿ ಯಾರು ಗಡಿಯಾರ ರಿಪೇರಿ ಮಾಡಿಕೊಟ್ಟರೂ, ಕೈಗೆ ಕೊಡುವ ಮೊದಲು, "ಇದು ಮನ್ಯಾಗ ಎಲ್ಲಿ ಮಲಗತೈತ್ರಿ?" ಅಂತ ಕೇಳುತ್ತಾರೆ. ಹೊಸಬರು ನಗುತ್ತಾರೆ. ಊರಿನವರು ನಗುವುದಿಲ್ಲ. ಕಪಾಟಿನಲ್ಲೋ, ಗೂಡಿನಲ್ಲೋ, ದಿಂಬಿನ ಕೆಳಗೋ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.