ಶಾಲಿಗೆ ಬಗ್ಗದ ತಲೆ

“ಗುರುಗಳೇ, ಕೃತಕ ಬುದ್ಧಿಯ ಯಂತ್ರ ಬಂದು ಜನ ಕೆಲಸ ಕಳೆದುಕೊಳ್ಳುತ್ತಿದ್ದಾರೆ. ಒಡೆಯನಿಗೆ ದಯೆ ಇದ್ದರೆ ಸಾಲದೇ? ಕಾಯಿದೆ ಏಕೆ ಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಡಲ ತಡಿಯ ಊರಿನಲ್ಲಿ ಒಬ್ಬ ಗೇರುಬೀಜದ ವ್ಯಾಪಾರಿ ಇದ್ದ. ಅವನ ಕಾರ್ಖಾನೆಯಲ್ಲಿ ಇಪ್ಪತ್ತು ಹೆಂಗಸರು ಬೀಜ ಆರಿಸುತ್ತಿದ್ದರು. ಬಿಳಿಯದು ಒಂದು ಕಡೆ, ಚುಕ್ಕೆಯದು ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ. ಅವರಲ್ಲಿ ಗುಲಾಬಿ ಎಂಬವಳ ಕಣ್ಣು ಎಲ್ಲರಿಗಿಂತ ಚುರುಕು. ವ್ಯಾಪಾರಿ ಅವಳ ತಲೆಯ ಮೇಲೆ ಕ್ಯಾಮೆರಾ ಕಟ್ಟಿಸಿದ. ಅವನು ಹೊಸದಾಗಿ ತಂದ ಯಂತ್ರ ಮೂರು ತಿಂಗಳು ಅವಳ ಕೈ ನೋಡಿ ನೋಡಿ ಬೀಜ ಆರಿಸಲು ಕಲಿಯಿತು.

ಆ ನಾಡಿನಲ್ಲಿ ಒಂದು ಕಾಯಿದೆ ಇತ್ತು. ಯಂತ್ರ ತಂದು ಯಾರನ್ನಾದರೂ ತೆಗೆಯುವವನು, ಮೊದಲು ಅವರಿಗೆ ಅದೇ ಸಂಬಳದ ಬೇರೆ ಕೆಲಸ ಕಲಿಸಿ ಕೊಡಬೇಕು. ಅದರ ಕೆಳಗೆ ಇನ್ನೊಂದು ಸಾಲು: ತಾವಾಗಿ ನಿವೃತ್ತರಾದವರಿಗೆ ಇದು ಅನ್ವಯಿಸದು. ವ್ಯಾಪಾರಿ ಓದಿದ್ದು ಈ ಕೊನೆಯ ಸಾಲನ್ನು ಮಾತ್ರ.

ಅವನು ಯಾರನ್ನೂ ತೆಗೆಯಲಿಲ್ಲ. ಸನ್ಮಾನ ಮಾಡಿದ. ಮೊದಲ ಸಲ ಆರು ಮಂದಿಗೆ ಶಾಲು, ಹಾರ, ಹಣ್ಣಿನ ತಟ್ಟೆ, ಒಂದು ಫೋಟೊ. ಹುಟ್ಟಿದಂದಿನಿಂದ ಅವರಿಗೆ ಯಾರೂ ಶಾಲು ಹೊದಿಸಿರಲಿಲ್ಲ. ಕಣ್ಣು ತುಂಬಿ ಬಂತು. ಮರುದಿನ ಕಾರ್ಖಾನೆಯ ಬಾಗಿಲಲ್ಲಿ ಅವರನ್ನು ತಡೆದರು. ಸರ್ಕಾರದ ಕಾರ್ಮಿಕ ಕಚೇರಿಗೆ ಓಡಿದರೆ, ಅಧಿಕಾರಿ ಅದೇ ಫೋಟೊ ತೋರಿಸಿ, “ಇದು ಬೀಳ್ಕೊಡುಗೆ. ನಗುತ್ತ ನಿಂತಿದ್ದೀರಿ. ನೀವು ನಿವೃತ್ತರು” ಎಂದ.

ವಾರ ಕಳೆದು ಗುಲಾಬಿಯ ಸರದಿ ಬಂತು. ಅವಳ ದುಡಿಮೆಯಿಂದ ಮನೆಯಲ್ಲಿ ಐದು ಹೊಟ್ಟೆ ತುಂಬಬೇಕಿತ್ತು. ವ್ಯಾಪಾರಿ ಎಲ್ಲರೆದುರು ಶಾಲು ಬಿಚ್ಚಿ ಹಿಡಿದ. ಗುಲಾಬಿ ಎತ್ತರದ ಹೆಂಗಸು. ನೆಟ್ಟಗೆ ನಿಂತಳು.

“ಸ್ವಲ್ಪ ಬಗ್ಗು ಮಾರಾಯ್ತಿ, ಕೈ ಎಟುಕುವುದಿಲ್ಲ.”

“ಇಪ್ಪತ್ತು ವರ್ಷ ಬಗ್ಗಿಯೇ ಬೀಜ ಆರಿಸಿದ್ದೇನೆ ಧಣಿಗಳೇ. ಇನ್ನು ಬಗ್ಗುವುದಿಲ್ಲ. ‘ಯಂತ್ರ ಬಂತು, ನಿನ್ನನ್ನು ತೆಗೆಯುತ್ತಿದ್ದೇನೆ’ ಎಂದು ಬರೆದು ಕೊಡಿ. ಶಾಲನ್ನು ಆ ಯಂತ್ರಕ್ಕೇ ಹೊದಿಸಿ. ಮನೆಗೆ ಬಂದ ಹೊಸ ಸೊಸೆಯಲ್ಲವೇ ಅದು!”

ಕೆಳಗೆ ಕೂತಿದ್ದ ಹದಿಮೂರು ಹೆಂಗಸರೂ ನಕ್ಕರು. ನಗುತ್ತಲೇ ಎದ್ದು ನಿಂತರು. “ನಮಗೂ ಬರೆದು ಕೊಡಿ” ಎಂದರು.

ಶಾಲು ಹೊದ್ದ ಫೋಟೊ ಇಲ್ಲದೆ ಅವರನ್ನು ನಿವೃತ್ತರೆನ್ನುವಂತಿರಲಿಲ್ಲ; ವ್ಯಾಪಾರಿ ಬರೆದುಕೊಡಲೇಬೇಕಾಯಿತು. ಬರೆದ ಮೇಲೆ ಕಾಯಿದೆಗೆ ಹಲ್ಲು ಬಂತು. ಯಂತ್ರ ನಡೆಸುವುದನ್ನು ಅವನೇ ಅವರಿಗೆ ಕಲಿಸಿ, ಅದೇ ಸಂಬಳಕ್ಕೆ ಇಟ್ಟುಕೊಂಡ. ಗುಲಾಬಿ ಅಷ್ಟಕ್ಕೆ ಮನೆಗೆ ಹೋಗಲಿಲ್ಲ. ಮೊದಲ ಆರು ಮಂದಿಯನ್ನು ಕರೆದೊಯ್ದು ಅಧಿಕಾರಿಯ ಮೇಜಿನ ಮೇಲೆ ಆರು ಶಾಲು ಗುಡ್ಡೆ ಹಾಕಿಸಿದಳು. ಎಲ್ಲರೂ ಕಚೇರಿಯ ಬಾಗಿಲಲ್ಲೇ ಕೂತರು. ಕಾಯಿದೆಯ ಆ ಕೊನೆಯ ಸಾಲು ಅಳಿಯುವವರೆಗೆ, ಆರು ಮಂದಿಯೂ ಕೆಲಸಕ್ಕೆ ಮರಳುವವರೆಗೆ, ಒಬ್ಬಳೂ ಕದಲಲಿಲ್ಲ.

ಶಿಷ್ಯ ಬಿಡಲಿಲ್ಲ. “ಆದರೂ ಗುರುಗಳೇ, ಶಾಲು ಹೊದಿಸಿದ್ದರಲ್ಲಿ ಚೂರಾದರೂ ದಯೆ ಇತ್ತಲ್ಲವೇ?”

ಗುರುಗಳು ಕೇಳಿದರು: “ಆ ಕಡಲ ಸೆಕೆಯಲ್ಲಿ, ಚಳಿಯಾಗುತ್ತಿದೆ ಎಂದು ಅವರಲ್ಲಿ ಯಾರು ಹೇಳಿದ್ದರು?”