ಬೀಜದ ಕಣಜದ ಕಿಂಡಿ

"ಗುರುಗಳೇ, ನಂಬಿಕೆ ಕೆಡಿಸಿದವರನ್ನು ಮತ್ತೆ ಒಳಗೆ ಬಿಡಬಹುದೇ?" ಎಂದು ಮರಿದೇವ ಕೇಳಿದ.

ಮರಿದೇವ ಮಠದ ಓಲೆಗರಿ ಭಂಡಾರದ ಕಂಪ್ಯೂಟರ್ ನೋಡಿಕೊಳ್ಳುವ ಶಿಷ್ಯ. ನೀಲಮ್ಮ ಎಂಬಾಕೆ ನಾಲ್ಕು ವರ್ಷಗಳಿಂದ ಅಲ್ಲಿ ಓಲೆಗರಿಗಳ ಫೋಟೊ ತೆಗೆದು ಹಾರ್ಡ್ ಡಿಸ್ಕಿಗೆ ತುಂಬುತ್ತಿದ್ದಳು. ಹಿಂದಿನ ದಿನ ಆಕೆ ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಲು ಹೋಗಿ, ಹಾರ್ಡ್ ಡಿಸ್ಕನ್ನೇ ಪೂರ್ತಿ ಅಳಿಸಿಬಿಟ್ಟಿದ್ದಳು. ಬೇರೆಡೆ ನಕಲು ಮಾಡಿಡದಿದ್ದ ಆರು ತಿಂಗಳ ಕೆಲಸ ನೀರುಪಾಲಾಗಿತ್ತು.

"ಆಕೆಗೆ ಬೇರೆ ಹೆಸರು, ಪಾಸ್‌ವರ್ಡ್ ಮಾಡುವ ರಗಳೆ ಯಾಕೆಂದು ನನ್ನದನ್ನೇ ಕೊಟ್ಟಿದ್ದೆ. ಅಷ್ಟು ನಂಬಿದ್ದೆ. ಇನ್ನು ಮೇಲೆ ಹಾರ್ಡ್ ಡಿಸ್ಕನ್ನು ನಾನೊಬ್ಬನೇ ಮುಟ್ಟುತ್ತೇನೆ," ಎಂದ ಮರಿದೇವ. ನೀಲಮ್ಮನನ್ನು ಕೆಲಸದಿಂದ ಬಿಡಿಸುವ ಕಾಗದವನ್ನು ಅವನು ಬರೆದೇ ತಂದಿದ್ದ. ಗುರುಗಳ ಸಹಿಯೊಂದು ಬಾಕಿ.

ಗುರುಗಳು ಕಾಗದವನ್ನು ಓದಿ ಮುಂದಿಟ್ಟುಕೊಂಡರು. ಆಮೇಲೆ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಎರಡು ಕಣಜಗಳಿದ್ದವು. ಒಂದರಲ್ಲಿ ಉಣ್ಣುವ ಜೋಳ, ಇನ್ನೊಂದರಲ್ಲಿ ಬಿತ್ತುವ ಜೋಳ. ಎರಡರ ಬಾಯಿಗೂ ಸಗಣಿ ಮೆತ್ತಿ, ಹಸಿ ಇರುವಾಗಲೇ ಮರದ ಮುದ್ರೆ ಒತ್ತುವುದು ಆ ಮನೆಯ ಪದ್ಧತಿ. ತೆರೆದವರು ಮತ್ತೆ ಮೆತ್ತಬೇಕು, ಮತ್ತೆ ಮುದ್ರೆ ಒತ್ತಬೇಕು. ಮುದ್ರೆ ಇದ್ದದ್ದು ಒಂದೇ. ರೈತ ಅದನ್ನು ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿ, ಮನೆಗೆಲಸದ ಹೆಂಗಸಿಗೆ, "ನಿನ್ನ ಮನೀನ ಅಂತ ತಿಳಕೊ," ಎಂದಿದ್ದ. ಹಾಗೆ ಹೇಳಿದ ಮೇಲೆ ಆಕೆ ಬೇರೆ ಹೇಗೆ ತಿಳಿದುಕೊಂಡಾಳು?

ಒಂದು ದಿನ ಆಕೆ ಬೀಜದ ಕಣಜವನ್ನು ತೆರೆದಳು. ಜೋಳವೆಲ್ಲ ಬೂದಿ. ಹುಳು ಹತ್ತದಿರಲೆಂದು ರೈತನೇ ಬೆರೆಸಿದ ಬೂದಿ ಅದು. ಅದಾಗಲಿ, ಅದು ಬಿತ್ತುವ ಜೋಳವೆಂಬುದಾಗಲಿ ಆಕೆಗೆ ಗೊತ್ತಿರಲಿಲ್ಲ. ಹಬ್ಬ ಹತ್ತಿರ ಬಂತು, ಕಾಳು ಹೀಗಿದ್ದರೆ ಹೇಗೆ ಎಂದು ಕಣಜ ಬರಿದು ಮಾಡಿ, ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಅಷ್ಟನ್ನೂ ಗಿರಣಿಗೆ ಕಳಿಸಿದಳು. ಮೂರು ದಿನ ದುಡಿದಳು, ಪಾಪ. ಬರಿದಾದ ಕಣಜಕ್ಕೆ ಉಣ್ಣುವ ಜೋಳ ತುಂಬಿ ಮುದ್ರೆಯನ್ನೂ ಒತ್ತಿದಳು. ಈ ಸಲ ರೊಟ್ಟಿ ಬಹಳ ಮೆತ್ತಗಾಗಿವೆ ಎಂದು ರೈತ ಎರಡು ಹೆಚ್ಚೇ ತಿಂದ.

ಬಿತ್ತುವ ದಿನ ಕಣಜ ತೆರೆದಾಗ ವಿಷಯ ಬಯಲಾಯಿತು. ಆತ ಹೆಂಗಸನ್ನು ಮನೆಯಿಂದ ಕಳಿಸಿದ. ನೆರೆಯವರಿಂದ ಬೀಜ ತಂದು ಬಿತ್ತಿದ. ಸುಗ್ಗಿಯಾದ ಮೇಲೆ ಕಣಜ ತುಂಬಿ, ಮುದ್ರೆಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ತಾನಿಲ್ಲದಾಗ ಯಾರೂ ಮುಟ್ಟಕೂಡದು ಎಂದು ಮನೆಯವರಿಗೆಲ್ಲ ಅಪ್ಪಣೆ ಮಾಡಿದ.

ಮಗಳ ಮನೆಯ ಮದುವೆಗೆಂದು ಅವನು ಬೇರೆ ಊರಿಗೆ ಹೋಗಿ ಹದಿನೈದು ದಿನ ಅಲ್ಲೇ ಉಳಿದ. ಇತ್ತ ಅಕಾಲದ ಅಡ್ಡಮಳೆ ಬಂದು ಮಾಳಿಗೆ ಸೋರಿತು. ಕಣಜದ ಮೈಮೇಲೆ ತೇವ ಹರಡಿದ್ದನ್ನು ಅವನ ತಾಯಿ ನೋಡಿದಳು. ಮುಗ್ಗಲು ವಾಸನೆ ರೈತನ ಮಗನ ಮೂಗಿಗೂ ಬಡಿಯಿತು. ಅಪ್ಪಣೆ ಮೀರಿ ಮುದ್ರೆ ಒಡೆಯಲು ಇಬ್ಬರಿಗೂ ಧೈರ್ಯವಾಗಲಿಲ್ಲ. ರೈತ ಬಂದು ತೆರೆದಾಗ ಬೀಜ ಕಣಜದೊಳಗೇ ಮೊಳೆತು ಕೊಳೆತಿತ್ತು. ಈ ಸಲ ಮನೆಯಿಂದ ಕಳಿಸಲು ಯಾರೂ ಸಿಗಲಿಲ್ಲ.

ಹೊಸ ಕಣಜ ಹೆಣೆಯಲು ಮೇದಾರನನ್ನು ಕರೆಸಿದರು. ಅವನು ಬಿದಿರು ಸೀಳುತ್ತ, "ಯಜಮಾನ್ರ, ಈ ಕಣಜದಾಗ ಯಾರ್ಯಾರಿಗೆ ಏನೇನ್ ಕೆಲಸ ಐತ್ರಿ?" ಎಂದು ಕೇಳಿದ.

"ನಮ್ಮವ್ವ ನೋಡತಾಳ. ಮಗ ತುಂಬತಾನ. ಬಿತ್ತೂ ಮುಂದ ನಾ ತಗೀತೀನಿ."

"ನೋಡೋರಿಗೆ ಇಷ್ಟ್ ದೊಡ್ಡ ಬಾಯಿ ಯಾಕ ಬೇಕ್ರಿ? ಕಿಂಡಿ ಸಾಕು."

ಮೇದಾರ ಎರಡು ಬೆರಳು ಹೋಗುವಷ್ಟು ಕಿಂಡಿಯೊಂದನ್ನು ಬಿಟ್ಟು ಹೆಣೆದ. ಅದರಲ್ಲಿ ಕಾಳು ನೋಡಬಹುದು, ಮೂಸಬಹುದು, ಅಷ್ಟೆ. ಮೇಲೆ ಸಣ್ಣ ಕೊರಳು ಇಟ್ಟ. ಅದರಲ್ಲಿ ಸುರಿಯಬಹುದು, ಕೈ ಹಾಕಲಾಗದು. ಕಾಳು ತೆಗೆಯುವ ಬಾಯಿ ತಳದಿಂದ ಒಂದು ಗೇಣು ಮೇಲೆ, ಅದರ ಕೆಳಗಿನ ಕಾಳು ಅಲ್ಲಿಂದ ಬಾರದು. ಪೂರ್ತಿ ಬರಿದು ಮಾಡಬೇಕಾದರೆ ಮುಚ್ಚಳವನ್ನೇ ಎತ್ತಬೇಕು. ಮುಚ್ಚಳ ಎತ್ತುವಾಗ ರೈತನ ಜೊತೆ ಅವನ ತಾಯಿಯೂ ಇರಬೇಕೆಂದು ಗೊತ್ತುಮಾಡಿಕೊಂಡರು. ಒಬ್ಬೊಬ್ಬರಿಗೆ ಒಂದೊಂದು ಮುದ್ರೆ ಕೆತ್ತಿಸಿದರು. ಮೆತ್ತಿದ ಸಗಣಿ ನೋಡಿದರೆ ಸಾಕು, ಯಾರ ಕೈ ಎಂದು ತಿಳಿಯುತ್ತಿತ್ತು.

ಕಳಿಸಿದ ಹೆಂಗಸನ್ನೂ ರೈತ ಮತ್ತೆ ಕರೆಸಿದ. ಉಣ್ಣುವ ಜೋಳಕ್ಕೂ ಅಂಥದೇ ಕಣಜ ಹೆಣೆಸಿ, ಅದರಲ್ಲಿ ಆಕೆಗೆ ತಳದ ಬಾಯಿ ಕೊಟ್ಟ. ಬೀಜದ ಕಣಜದಲ್ಲಿ ಬರೀ ಕಿಂಡಿ. ಆಕೆ ಮುನಿಸಿಕೊಳ್ಳಲಿಲ್ಲ, ಇನ್ನು ತನ್ನಿಂದ ಬೀಜ ಹಾಳಾಗುವ ಭಯವಿಲ್ಲವೆಂದು ಆಕೆಗೆ ಸಮಾಧಾನವೇ ಆಯಿತು. ಮುಂದಿನ ವರ್ಷ ಬೀಜಕ್ಕೆ ಹುಳು ಹತ್ತಿದ್ದನ್ನು ಮೊದಲು ಕಂಡು ಹೇಳಿದವಳು ಆಕೆಯೇ. ಆ ಸಲ ಬೀಜ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ. ಹಾರ್ಡ್ ಡಿಸ್ಕನ್ನು ನೋಡುವವರಿಗೆ ನೋಡುವಷ್ಟು, ತುಂಬುವವರಿಗೆ ತುಂಬುವಷ್ಟು ಅನುಮತಿ ಕೊಡುತ್ತೇನೆ. ಅಳಿಸುವ ಅನುಮತಿ ಒಬ್ಬರ ಕೈಯಲ್ಲೇ ಇರದಂತೆ ಮಾಡುತ್ತೇನೆ. ಅದೆಲ್ಲ ಇನ್ನು ಮುಂದಿನ ಮಾತು. ಆಗಿಹೋದ ತಪ್ಪಿಗೆ ಯಾರಾದರೂ ಹೊಣೆಯಾಗಲೇಬೇಕಲ್ಲ? ಇದು ನನ್ನ ಬಾಯಿಮಾತಲ್ಲ. ಯಾರು ಯಾವಾಗ ಏನು ಅಳಿಸಿದರು ಎಂಬುದನ್ನು ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುತ್ತದೆ."

ಗುರುಗಳು ಸಹಿಯ ಜಾಗ ಖಾಲಿಯಿದ್ದ ಕಾಗದವನ್ನು ಅವನ ಕಡೆಗೆ ಸರಿಸಿದರು.

"ಕಂಪ್ಯೂಟರ್ ಯಾರ ಹೆಸರು ಬರೆದಿಟ್ಟಿದೆ, ಮರಿದೇವ?"