ಸೋಮಲಿಂಗನೂ ಸಿಟ್ಟಿನ ಎಂಸಿಬಿಯೂ

ಖಾರದ ಗಿರಣಿಯ ನೀಲವ್ವನಿಗೆ ಒಬ್ಬನೇ ಮಗ, ಸೋಮಲಿಂಗ. ಆಳು ಬಾಗಿಲಿನಷ್ಟು ಎತ್ತರ, ತಲೆ ಮಾತ್ರ ಖಾಲಿ ಕೊಡ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ, ಅದೇ ಅವನ ರೋಗ.

"ಇವನಿಗೆ ಯಾರು ಹೆಣ್ಣು ಕೊಡ್ತಾರೋ ಯಪ್ಪಾ," ಅಂತ ನೀಲವ್ವ ಹಣೆ ಚಚ್ಚಿಕೊಂಡಳು.

ಕೊಡುವವನಿದ್ದ. ಅವಳ ತಮ್ಮ ಫಕೀರಪ್ಪ, ಊರಿಗೆಲ್ಲ ವೈರಿಂಗ್ ಮಾಡುವವ. ಅವನ ಮಗಳು ಕಸ್ತೂರಿಗೂ ಮನಸ್ಸಿತ್ತು. ಇಲ್ಲದಿದ್ದರೆ ದಿನಾ ಗಿರಣಿಗೆ ಮೆಣಸಿನಕಾಯಿ ತರುತ್ತಿದ್ದಳೇ? ಅವರ ಮನೆಯಲ್ಲಿ ಅಷ್ಟು ಖಾರ ತಿನ್ನುವವರು ಯಾರು, ನೀವೇ ಹೇಳಿ.

"ನನ್ನ ಕೆಲಸ ಕಲಿತರ ಮಗಳನ್ನ ಕೊಡ್ತೀನಿ ಅಕ್ಕಾ," ಅಂದ ಫಕೀರಪ್ಪ. "ಇಲ್ಲಂದ್ರ ಬ್ಯಾರೆ ಕಡೆ ವರ ನೋಡ್ತೀನಿ."

ಗಿರಣಿಯಲ್ಲೇ ಮೊದಲ ಪಾಠ. ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು ಇರುತ್ತದಲ್ಲ, ಎಂಸಿಬಿ, ಅದು ಮೋಟಾರ್ ಚಾಲೂ ಮಾಡಿದರೆ ಸಾಕು, ಬೀಳುತ್ತಿತ್ತು.

"ಇದು ಬಿ ಟೈಪ್, ಸಿಟ್ಟಿಂದು. ಒಂದು ಮಾತಿಗೆ ತವರಿಗೆ ಓಡೋ ಸೊಸಿ ಇದ್ದಂಗ. ಮೋಟಾರ್ ಚಾಲೂ ಆಗುವಾಗ ಗಬಗಬ ಕರೆಂಟ್ ನುಂಗತೈತಿ. ಡಿ ಟೈಪ್ ಹಾಕು, ತಾಳಿಕೊಳ್ಳೋದು. ತಿಳೀತಿಲ್ಲೋ?"

"ತಿಳೀತು ಮಾವ."

ಮರುದಿನ ಮಾಸ್ತರರ ಮನೆಗೂ ತಾಳಿಕೊಳ್ಳುವುದನ್ನೇ ಹಾಕಿಬಂದ. ಬಚ್ಚಲ ಹೀಟರಿನ ವೈರು ಶಾರ್ಟ್ ಆಗಿ ಸುಟ್ಟು ಕರಿಕಾಯಿತು, ಎಂಸಿಬಿ ತಾಳಿಕೊಂಡೇ ಕೂತಿತ್ತು. ಮೈಗೆಲ್ಲ ಎಣ್ಣೆ ಹಚ್ಚಿಕೊಂಡಿದ್ದ ಮಾಸ್ತರರ ಹೆಂಡತಿ ಬರೀ ಟವೆಲ್ ಸುತ್ತಿಕೊಂಡು ಬೀದಿಗೆ ಓಡಿಬಂದಳು. ಓಣಿಯ ಗಂಡಸರಿಗೆ ಅವತ್ತೇ ಕಟ್ಟೆಯ ಮೇಲೆ ಕೆಲಸವಿತ್ತು.

"ಲೇ ಮಂಕೇ," ಅಂದ ಫಕೀರಪ್ಪ, "ಮನಿಗೆ ಸಿಟ್ಟಿಂದು, ಗಿರಣಿಗೆ ತಾಳಿಕೊಳ್ಳೋದು. ಸಾಯೋತನಕ ಮರೀಬ್ಯಾಡ."

"ಮರೆಯಂಗಿಲ್ಲ ಮಾವ."

ಮುಂದೆ ಪ್ರೆಸ್ಸಿನ ಕೆಲಸ. ಅಲ್ಲಿ ಎರಡು ಹಳೆ ಯಂತ್ರ, ಒಂದು ಜರ್ಮನಿಯದು, ಒಂದು ಅಮೆರಿಕದ್ದು, ಆಯಾ ದೇಶದ ಎಂಸಿಬಿ ಸಮೇತ ಬಂದವು. ಎರಡರ ಮೇಲೂ ಒಂದೇ ಅಂಕಿ, ಬೀಳುವುದು ಮಾತ್ರ ಜರ್ಮನಿಯದು.

"ಅಂಕಿ ಒಂದೇ, ಕಾಯ್ದೆ ಬ್ಯಾರೆ," ಅಂದ ಮಾವ. "ಜರ್ಮನಿಯವರು ತಂಪಿನಾಗ ಇಟ್ಟು ಪರೀಕ್ಷಾ ಮಾಡ್ಯಾರ, ಅಮೆರಿಕದವರು ಸೆಕಿಯೊಳಗ. ನಮ್ಮ ಬಿಸಿಲಿಗೆ ಜರ್ಮನಿದು ಲಗೂನ ಬೀಳತೈತಿ. ಅದನ್ನ ತಂಪಾಗಿ ಇಡಬೇಕು. ಬಿದ್ದಕೂಡ್ಲೆ ಎತ್ತಬಾರದು, ತಣ್ಣಗಾದ ಮ್ಯಾಲೆ ಎತ್ತಬೇಕು."

ಮಾವ ಚಹಾ ಕುಡಿದು ಬರುವಷ್ಟರಲ್ಲಿ ಸೋಮಲಿಂಗ ಎಂಸಿಬಿಗೆ ಒದ್ದೆ ಟವೆಲ್ ಸುತ್ತಿದ್ದ. ಫಕೀರಪ್ಪ ಗಾಬರಿಯಿಂದ ಸ್ಟೂಲು ಹತ್ತಿ ಕೈ ಹಾಕಿದ. ಕರೆಂಟು ಝಾಡಿಸಿ ಒಗೆಯಿತು, ಧೊಪ್ಪನೆ ಬಿದ್ದ. ಬುತ್ತಿ ತಂದಿದ್ದ ಕಸ್ತೂರಿ ಓಡಿಬಂದಳು.

ಸೋಮಲಿಂಗ ಅಡ್ಡ ನಿಂತ. "ಮುಟ್ಟಬ್ಯಾಡ. ಬಿದ್ದಕೂಡ್ಲೆ ಎತ್ತಬಾರದು." ಅನ್ನುತ್ತಲೇ ಒಂದು ಬಕೆಟ್ ನೀರು ಮಾವನ ಮೇಲೆ ಸುರಿದ.

ಫಕೀರಪ್ಪ ಬಾಯಿಗೆ ಬಂದದ್ದೆಲ್ಲ ಬೈದ.

"ಇನ್ನೂ ಬಿಸಿ ಐತಿ," ಅಂತ ಸೋಮಲಿಂಗ ಇನ್ನೊಂದು ಬಕೆಟ್ ತರಲು ಹೋದ.

"ಮದುವಿ ಇಲ್ಲ. ಈ ಹುಚ್ಚಪ್ಯಾಲಿಗೆ ನನ್ನ ಮಗಳಿಲ್ಲ," ಅಂದ ಫಕೀರಪ್ಪ ನಡ ಹಿಡಿದುಕೊಂಡು.

ಕಸ್ತೂರಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಅಂದಳು, "ಯಪ್ಪಾ, ನೀ ಸಿಟ್ಟಿನವ. ನಾ ತಾಳಿಕೊಳ್ಳಾಕಿ. ನಾನ ಸಂಭಾಳಿಸ್ತೀನಿ ಬಿಡು."

ಹುಡುಗಿಯೇ ಹಾಗಂದ ಮೇಲೆ ಅಪ್ಪ ಏನು ಮಾಡಿಯಾನು? ಮದುವೆಯಾಯಿತು. ಅಷ್ಟೂ ಹೊತ್ತು ಸೋಮಲಿಂಗ ಒಂದೂ ತಪ್ಪು ಮಾಡಲಿಲ್ಲ. ನೀಲವ್ವನ ಜೀವ ತಣ್ಣಗಾಯಿತು. ಹೊಸ್ತಿಲ ಮೇಲೆ ಸೇರಕ್ಕಿ ಇಟ್ಟು, ಆರತಿ ಹಿಡಿದು ಸೊಸೆಗೆ ಕಾದಳು.

ಸೋಮಲಿಂಗ ಬಂದ. ಅವನು ಕೈ ಹಿಡಿದು ಎಳೆದು ತಂದದ್ದು ಬಾಸಿಂಗದ ಹೆಣ್ಣನ್ನಲ್ಲ, ಫಕೀರಪ್ಪನನ್ನು.

"ಕಸ್ತೂರಿ ಎಲ್ಲೋ, ಮೂಳಾ?"

"ಗಿರಣಿಯಾಗ ಮೋಟಾರ್ ಬಾಜೂಕ ಕುಂದರಿಸೀನಿ ಅವ್ವಾ. ಮನಿಗೆ ಸಿಟ್ಟಿಂದು, ಗಿರಣಿಗೆ ತಾಳಿಕೊಳ್ಳೋದು. ಮಾವನ ಹೇಳ್ಯಾನ."

ಫಕೀರಪ್ಪ ಸೇರನ್ನು ಒದ್ದ. ಸಿಟ್ಟಿಗೆ ಒದ್ದನೋ ಶಾಸ್ತ್ರಕ್ಕೆ ಒದ್ದನೋ, ಅಕ್ಕಿಯಂತೂ ಮನೆ ತುಂಬ ಚೆಲ್ಲಿತು.